ಕೆಡದ ಬಸ್ಸಿಗೆ ಕೂಲಿ

ಶಾಲಾ ಬಸ್ಸುಗಳು ಕೆಡದಂತೆ ನೋಡಿಕೊಳ್ಳುವುದು ನಮ್ಮ ಶೆಡ್ಡಿನ ಕೆಲಸ. ಈ ಸಲ ಶಾಲೆ ಬಾಗಿಲು ತೆರೆಯುವ ಮೊದಲು ನಮ್ಮಲ್ಲಿಂದ ಎಫ್‌ಸಿಗೆ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರದ ತಪಾಸಣೆಗೆ, ಹೋದ ನಲವತ್ತು ಚಿಲ್ಲರೆ ಬಸ್ಸುಗಳಲ್ಲಿ ಒಂದೂ ಫೇಲಾಗಿ ವಾಪಸ್ ಬರಲಿಲ್ಲ. "ಮಿಲಿಟರಿಯವರಿಗೆ ಗೇಟು ಕಾಯುವುದೇ ಸರಿ, ಗ್ಯಾರೇಜು ನಡೆಸುವುದು ಆಗದ ಮಾತು" ಎಂದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಿಂತು ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ತಮ್ಮ ಗಾಡಿಗಳನ್ನು ನಮ್ಮಲ್ಲಿಗೇ ಕಳಿಸುತ್ತಾರೆ. ಸೇನೆಯಿಂದ ಪಿಂಚಣಿಗೆ ಬರುತ್ತಿರುವ ನಮ್ಮವರು ನನಗೆ ಆಗಾಗ ಫೋನು ಮಾಡಿ ಕೇಳುವುದರಿಂದ ಎಲ್ಲವನ್ನೂ ಒಂದೇ ಸಲ ಬರೆದಿಡುತ್ತಿದ್ದೇನೆ.

1991ರಲ್ಲಿ ಸೇನೆಗೆ ಭರ್ತಿಯಾದವನು ನಾನು. ಸೇನೆಯ ಗಾಡಿ, ಯಂತ್ರಗಳ ದುರಸ್ತಿ ನೋಡುವ ಇಎಂಇ ವಿಭಾಗದ ಸಿಕಂದರಾಬಾದ್ ಸೆಂಟರಿನಲ್ಲಿ ತರಬೇತಿ, ವೆಹಿಕಲ್ ಮೆಕ್ಯಾನಿಕ್ ಟ್ರೇಡು, ಅಂದರೆ ಕಸುಬು. ಸೇನೆಯ ಹಳೆಯ ಶಕ್ತಿಮಾನ್ ಲಾರಿಯ ಕಾಲದಿಂದ ಹೊಸ ಸ್ಟ್ಯಾಲಿಯನ್ ಲಾರಿಯ ಕಾಲದವರೆಗೆ ಇಪ್ಪತ್ತನಾಲ್ಕು ವರ್ಷ ಗಾಡಿಗಳ ಅಡಿಯಲ್ಲೇ ಮಲಗಿದ್ದೇನೆ. 2015ರಲ್ಲಿ ಹವಾಲ್ದಾರನಾಗಿ ಊರಿಗೆ ಬಂದಾಗ ಗ್ರಾಚ್ಯುಟಿ, ಕಮ್ಯುಟೇಷನ್ (ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಪಡೆಯುವುದು), ಫಂಡು, ಗುಂಪು ವಿಮೆ ಎಲ್ಲ ಸೇರಿ ಇಪ್ಪತ್ತೆರಡು ಲಕ್ಷದ ಆಸುಪಾಸು ಕೈಗೆ ಬಂತು. ಹದಿಮೂರು ಲಕ್ಷ ಮನೆಗೆ ಹೋಯಿತು. ಉಳಿದದ್ದು ಎಲ್ಲಿಗೆ ಹೋಯಿತು ಎಂಬುದು ಮುಂದಿನ ಕಥೆ.

ಮೊದಲು ಸಿಕ್ಕಿದ್ದು ಒಂದು ಮಿಲ್ಲಿನ ಗೇಟು. ರಾತ್ರಿ ಹನ್ನೆರಡು ತಾಸು, ಒಂಬತ್ತೂವರೆ ಸಾವಿರ. ಅದರಲ್ಲೂ ಕೊನೆಯ ಎರಡು ತಿಂಗಳ ಸಂಬಳವನ್ನು ಏಜೆನ್ಸಿಯವರು ಕೊಡಲೇ ಇಲ್ಲ. ಅದಕ್ಕಿಂತ ಹೆಚ್ಚು ಸುಟ್ಟದ್ದು ಬೇರೆ. ಒಳಗೆ ಬಂದ ಲಾರಿಯೊಂದರ ಸದ್ದು ಕೇಳಿದ ಕೂಡಲೇ ಅದರ ವಾಟರ್ ಪಂಪಿನ ಬೇರಿಂಗ್ ಹೋಗಿದೆ ಎಂದು ನನಗೆ ಗೊತ್ತಾಯಿತು. ಹೋಗಿ ಹೇಳಿದರೆ, "ನೀವು ರಿಜಿಸ್ಟರ್ ಬರೆಯಿರಿ ಸಾಹೇಬರೇ" ಎಂದರು. ಮೂರನೆಯ ದಿನ ಆ ಲಾರಿ ಹಿರಿಯೂರಿನ ಹತ್ತಿರ ಲೋಡಿನ ಸಮೇತ ನಿಂತುಹೋಯಿತು. ಆ ವಾರವೇ ಗೇಟು ಬಿಟ್ಟೆ.

ಗ್ಯಾರೇಜು ಹಾಕಿದ್ದು 2016ರಲ್ಲಿ. ಬಾಡಿಗೆ, ಅಡ್ವಾನ್ಸು, ಕಂಪ್ರೆಸರು, ಜಾಕು, ಉಪಕರಣ ಎಂದು ನಾಲ್ಕು ಲಕ್ಷ ಹೂಡಿದೆ. ಹದಿನಾಲ್ಕು ತಿಂಗಳಲ್ಲಿ ಮುಚ್ಚಿದೆ. ಒಟ್ಟು ಕಳೆದುಕೊಂಡದ್ದು ಆರು ಲಕ್ಷಕ್ಕೆ ಕಡಿಮೆಯಿಲ್ಲ. ಪಕ್ಕದ ಗ್ಯಾರೇಜಿನವನು ಎರಡು ತಾಸಿನಲ್ಲಿ ಕ್ಲಚ್ಚು ಕೂರಿಸಿ ಕಳಿಸಿದರೆ ನಾನು ಒಂದು ದಿನ ತೆಗೆದುಕೊಳ್ಳುತ್ತಿದ್ದೆ. ಒಂದೊಂದು ಬೋಲ್ಟನ್ನೂ ಟಾರ್ಕ್ ರೆಂಚಿನಿಂದಲೇ ಬಿಗಿಯುತ್ತಿದ್ದೆ. ನನ್ನ ಕೆಲಸ ತಿರುಗಿ ಬರುತ್ತಿರಲಿಲ್ಲ ನಿಜ, ಆದರೆ ಗಿರಾಕಿಯೂ ತಿರುಗಿ ಬರುತ್ತಿರಲಿಲ್ಲ. ಬಂದವರೂ ಉದ್ರಿ ಹೇಳುತ್ತಿದ್ದರು. ಕೆಟ್ಟ ಗಾಡಿಯನ್ನು ಕಾದು ಕುಳಿತು ಬದುಕುವ ವಿದ್ಯೆ ನಮಗೆ ಸೇನೆ ಕಲಿಸಿಯೇ ಇಲ್ಲ. ಅಲ್ಲಿ ನಮ್ಮ ಕೆಲಸ ಗಾಡಿ ಕೆಡದಂತೆ ನೋಡಿಕೊಳ್ಳುವುದು. ಅದನ್ನೇ ಯಾಕೆ ಮಾರಬಾರದು ಎಂಬ ಯೋಚನೆ ಬಂದದ್ದು ಶೆಡ್ಡಿನ ಬೀಗ ಹಾಕಿದ ದಿನ.

ಆಮೇಲೆ ಶಾಲೆಗಳನ್ನು ಸುತ್ತಿದೆ. ಬಸ್ಸಿಗೆ ತಿಂಗಳಿಗೆ ಇಂತಿಷ್ಟು, ಬಿಡಿಭಾಗಕ್ಕೆ ಬಿಲ್ಲಿನಷ್ಟು, ಕೆಲಸ ಸಂಜೆ ಮತ್ತು ಭಾನುವಾರ. ಹನ್ನೊಂದು ಕಡೆ ಕೇಳಿದೆ, ಹನ್ನೊಂದು ಕಡೆಯೂ ಒಂದೇ ಮಾತು: "ಕೆಡದ ಬಸ್ಸಿಗೆ ಯಾಕೆ ದುಡ್ಡು ಕೊಡಬೇಕು?" ಹನ್ನೆರಡನೆಯವರು ಹರಿಹರದ ಕಡೆಯ ಒಂದು ಶಾಲೆಯ ಕಾರ್ಯದರ್ಶಿ. ಅವರ ತಮ್ಮ ಸೇನೆಯಲ್ಲಿದ್ದವರು. ಐದು ಬಸ್ಸು, ಬಸ್ಸಿಗೆ 1,500. ಇದು 2018ರ ಜೂನು.

ವಿಧಾನ ಎಂದರೆ ನಿಮಗೆಲ್ಲ ಗೊತ್ತಿರುವ ಫಸ್ಟ್ ಪೆರೇಡ್, ಹಾಲ್ಟ್ ಪೆರೇಡ್, ಲಾಸ್ಟ್ ಪೆರೇಡ್, ಅಷ್ಟೇ: ಗಾಡಿ ಹೊರಡುವ ಮೊದಲು, ನಡುವೆ ನಿಂತಾಗ, ಕೆಲಸ ಮುಗಿದ ಮೇಲೆ ಮಾಡುವ ತಪಾಸಣೆ. ಬೆಳಿಗ್ಗೆ ಎಣ್ಣೆ, ನೀರು, ಟೈರು, ಬೆಲ್ಟು. ಬ್ರೇಕಿನ ಏರ್ ಟ್ಯಾಂಕಿನ ನೀರು ಬಿಡುವುದು. ಟ್ರಿಪ್ ಮುಗಿದು ನಿಂತಾಗ ಸುತ್ತು ಹಾಕಿ ಚಕ್ರಗಳ ನಡುವಿನ ನಾಲ್ಕೂ ಹಬ್ ಮುಟ್ಟುವುದು. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಅಂಗೈ ದುಡಿದು ದಡ್ಡುಗಟ್ಟಿರುತ್ತದೆ, ಅದಕ್ಕೆ ಬಿಸಿ ಬೇಗ ತಿಳಿಯದು. ಒಂದು ದಿನ ಹೀಗೆ ಮುಟ್ಟಿದಾಗ ಮೂರು ಹಬ್ ಒಂದೇ ಸಮ ಬೆಚ್ಚಗಿದ್ದವು, ಹಿಂದಿನ ಎಡಗಡೆಯದಕ್ಕೆ ಕೈ ತಾಗಿಸಲು ಆಗಲಿಲ್ಲ. ಬಿಚ್ಚಿದರೆ ಗ್ರೀಸು ಕಪ್ಪಗೆ ಒಣಗಿ ಬೇರಿಂಗಿಗೆ ಹೆಪ್ಪುಗಟ್ಟಿತ್ತು, ರೋಲರುಗಳು ನೀಲಿಗಟ್ಟಿದ್ದವು. ಮರುದಿನ ಬೆಳಿಗ್ಗೆ ಆ ಬಸ್ಸಿನಲ್ಲಿ ನಲವತ್ತು ಮಕ್ಕಳು ಹೆದ್ದಾರಿಯಲ್ಲಿ ಬರಬೇಕಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತೊಡಕು ಬಂದದ್ದು ಯಂತ್ರದಿಂದಲ್ಲ, ಚಾಲಕರಿಂದ. ಗಾಡಿ ಕೆಟ್ಟರೆ ಗ್ಯಾರೇಜಿನಿಂದ ಅವರಿಗೂ ಏನೋ ಸಿಗುತ್ತಿತ್ತು. ನಾನು ಬಂದು ಅದನ್ನು ಕಿತ್ತುಕೊಂಡಂತಾಯಿತು. ಮೊದಲ ಆರು ತಿಂಗಳು ತಪಾಸಣೆಯ ಕಾರ್ಡಿನಲ್ಲಿ ಸುಳ್ಳೇ ಟಿಕ್ ಹಾಕುತ್ತಿದ್ದರು. ಗದರಿದೆ, ಪ್ರಯೋಜನವಾಗಲಿಲ್ಲ. ಇಲ್ಲಿ ಗದರಿಸಿ ಕೆಲಸ ಮಾಡಿಸಲು ಆಗುವುದಿಲ್ಲ, ಇದನ್ನು ನಮ್ಮವರು ಬೇಗ ಕಲಿಯಬೇಕು. ಕೊನೆಗೆ ಅವರೇ ನನ್ನನ್ನು "ಮಿಲಿಟರಿ ಅಣ್ಣ" ಎಂದು ಕರೆದು ಸಣ್ಣ ಸದ್ದಿಗೂ ಫೋನು ಮಾಡುವಂತೆ ಆದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ಹಣ ಕೊಟ್ಟು ಮಾಡಿದ್ದಲ್ಲ ಎಂದಷ್ಟು ಹೇಳಬಲ್ಲೆ. ಫಿಲ್ಟರುಗಳನ್ನು ಎಲ್ಲಿಂದ ತರಿಸುತ್ತೇನೆ ಎಂಬುದೂ ಹಾಗೆಯೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆಗ ನನ್ನ ಕೈಯಲ್ಲಿ ಹತ್ತೊಂಬತ್ತು ಬಸ್ಸುಗಳಿದ್ದವು, ಎರಡನೇ ತಿಂಗಳಿಗೆ ಎಲ್ಲ ಶಾಲೆಗಳೂ ಹಣ ನಿಲ್ಲಿಸಿದವು. ಅವರಿಗೂ ಫೀಸು ಬರುತ್ತಿರಲಿಲ್ಲ. ಪಿಂಚಣಿ ಇದ್ದುದರಿಂದ ಮನೆ ನಡೆಯಿತು. ನಾನು ಮತ್ತು ನಾಯಕ್ ದರ್ಜೆಯಲ್ಲಿದ್ದ ಒಬ್ಬ ಮಾಜಿ ಸೈನಿಕ ಸೇರಿ ವಾರಕ್ಕೊಮ್ಮೆ ಹೋಗಿ ಪ್ರತಿ ಬಸ್ಸನ್ನೂ ಚಾಲೂ ಮಾಡಿ, ನಾಲ್ಕು ಮಾರು ಮುಂದೆ ಹಿಂದೆ ಓಡಿಸಿ, ಗಾಳಿ ನೋಡಿ ಬರುತ್ತಿದ್ದೆವು. ಒಂದು ರೂಪಾಯಿ ಕೇಳಲಿಲ್ಲ. ಮನೆಯವಳು, "ಯಾರ ಬಸ್ಸಿಗೆ ನಮ್ಮ ಪೆಟ್ರೋಲು ಸುಡುತ್ತೀರಿ?" ಎಂದು ಕೇಳಿದಳು. ಉತ್ತರ ಇರಲಿಲ್ಲ. ಒಂದೂವರೆ ವರ್ಷ ಹಾಗೆ ನಡೆಯಿತು.

2021ರ ಆಗಸ್ಟ್ ಕೊನೆಯಿಂದ ತರಗತಿಗಳು ಒಂದೊಂದಾಗಿ ಶುರುವಾದಾಗ ಊರಿನ ಉಳಿದ ಶಾಲೆಗಳ ಬಸ್ಸುಗಳಿಗೆ ಬ್ಯಾಟರಿ ಸತ್ತಿತ್ತು, ಬ್ರೇಕು ಹಿಡಿದುಕೊಂಡಿತ್ತು, ವೈರಿಂಗನ್ನು ಇಲಿ ತಿಂದಿತ್ತು. ಒಂದೊಂದಕ್ಕೆ ಅರವತ್ತು ಎಪ್ಪತ್ತು ಸಾವಿರ ಖರ್ಚಾದ ಲೆಕ್ಕ ನನ್ನ ಕಿವಿಗೆ ಬಿತ್ತು. ನಮ್ಮ ಹತ್ತೊಂಬತ್ತೂ ಮೊದಲ ದಿನವೇ ರಸ್ತೆಗಿಳಿದವು. ನಾಲ್ಕು ಬ್ಯಾಟರಿ ಮಾತ್ರ ಬದಲಾಯಿಸಬೇಕಾಯಿತು. ಆ ದಸರೆಯೊಳಗೆ ನಾನು ಯಾರನ್ನೂ ಕೇಳಿಕೊಂಡು ಹೋಗುವ ಅಗತ್ಯ ಉಳಿಯಲಿಲ್ಲ. ಈಗ ಎಪ್ಪತ್ತನಾಲ್ಕು ಬಸ್ಸು, ತಿಂಗಳಿಗೆ ಒಂದಕ್ಕೆ 2,800. ಸಂಬಳ, ಬಾಡಿಗೆ ಕಳೆದು ನನಗೆ ಮೂವತ್ತು ಮೂವತ್ತೈದು ಸಾವಿರ ಉಳಿಯುತ್ತದೆ.

ನಡುವೆ ಕೆಲವು ಪ್ರಯೋಗಗಳೂ ಆದವು. ಜಗಳೂರು ಕಡೆಯ ರೂಟಿನ ಬಸ್ಸುಗಳ ಏರ್ ಫಿಲ್ಟರು ಧೂಳಿಗೆ ಅರ್ಧ ಆಯಸ್ಸಿನಲ್ಲೇ ಕಟ್ಟಿಕೊಳ್ಳುತ್ತದೆ; ಅವಕ್ಕೆ ಬೇರೆಯೇ ಲೆಕ್ಕ ಇಟ್ಟಿದ್ದೇನೆ. ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ ರಾತ್ರಿ ನಿಲ್ಲುವ ಎರಡು ಬಸ್ಸುಗಳಿಗೂ ಹಾಗೆಯೇ, ಹೊಟ್ಟಿನ ಬೂದಿ. ಎಂಜಿನ್ ಎಣ್ಣೆಯ ಒಂದು ಹನಿಯನ್ನು ಒತ್ತುಕಾಗದದ ಮೇಲೆ ಬಿಟ್ಟು, ಕಲೆ ಹರಡುವ ಬಗೆ ನೋಡಿ ಎಣ್ಣೆಯ ಆಯಸ್ಸು ಹೇಳುವುದನ್ನೂ ಒಂದು ವರ್ಷ ಮಾಡಿದೆ. ಅದನ್ನು ನಂಬಿ ಒಂದು ಬಸ್ಸಿನ ಎಣ್ಣೆಯನ್ನು ಮೂರು ಸಾವಿರ ಕಿಲೋಮೀಟರು ಹೆಚ್ಚು ಓಡಿಸಿದೆ, ಟರ್ಬೊ ಹೋಯಿತು, ಇಪ್ಪತ್ತೆಂಟು ಸಾವಿರ ನನ್ನ ಕೈಯಿಂದ ಕಟ್ಟಿದೆ. ಈಗ ಆ ಕಲೆಯನ್ನು ನೋಡುವುದು ಎಣ್ಣೆ ಬೇಗ ಬದಲಿಸಲು ಮಾತ್ರ, ತಡ ಮಾಡಲು ಅಲ್ಲ. ಮೆಕ್ಕೆಜೋಳ ಒಕ್ಕುವ ಯಂತ್ರಗಳಿಗೂ ಇದೇ ಗುತ್ತಿಗೆ ಮಾಡಲು ಹೊರಟಿದ್ದೆ. ಸುಗ್ಗಿಯಲ್ಲಿ ಹಗಲು ರಾತ್ರಿ ಓಡುವ ಯಂತ್ರ ನಮ್ಮ ಕೈಗೆ ಸಿಗುವುದೇ ಇಲ್ಲ, ಬಿಟ್ಟೆ.

ನಮ್ಮಲ್ಲಿ ಎಂಟು ಜನರಿದ್ದೇವೆ, ಏಳು ಮಂದಿ ಮಾಜಿ ಸೈನಿಕರು. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸಿನವನು ವೈರಿಂಗ್ ನೋಡುತ್ತಾನೆ, ಸರಬರಾಜು ವಿಭಾಗವಾದ ಎಎಸ್‌ಸಿಯ ಚಾಲಕ ಓಡಿಸಿ ದೋಷ ಹೇಳುತ್ತಾನೆ. ಲೆಕ್ಕ ಮತ್ತು ಸ್ಟೋರು ನೋಡಿಕೊಳ್ಳುವವರು ನಮ್ಮ ಜೊತೆಗಾರನೊಬ್ಬನ ಪತ್ನಿ, ಅವನು ಸೇವೆಯಲ್ಲಿದ್ದಾಗಲೇ ತೀರಿಕೊಂಡ. ಅವರ ರಿಜಿಸ್ಟರಿನಲ್ಲಿ ಒಂದು ವಾಷರು ತಪ್ಪುವುದಿಲ್ಲ. ಇನ್‌ಫಂಟ್ರಿಯಿಂದ, ಅಂದರೆ ಕಾಲಾಳು ಪಡೆಯಿಂದ, ಬಂದ ಇಬ್ಬರನ್ನು ಸೇರಿಸಿಕೊಂಡಾಗ, "ಟ್ರೇಡಿಲ್ಲದವರನ್ನು ಏನು ಮಾಡುತ್ತೀರಿ?" ಎಂದು ನಮ್ಮವರೇ ಕೇಳಿದರು. ಹದಿನೇಳು ವರ್ಷ ದಿನವೂ ಬಂದೂಕು ಒರೆಸುವ ಹಗ್ಗವಾದ ಪುಲ್‌ಥ್ರೂ ಎಳೆದು ನಳಿಗೆಯೊಳಗೆ ಬೆಳಕು ಹಿಡಿದು ನೋಡಿದವನ ಕೈಗೆ ಬ್ರೇಕ್ ಡ್ರಮ್ಮು ಕೊಟ್ಟು ನೋಡಿ. ನಾನು ಬಿಟ್ಟ ಕೊಳೆಯನ್ನು ಅವರು ಬಿಡುವುದಿಲ್ಲ. ಊರಿನವರು ಆಗಸ್ಟ್ 15ಕ್ಕೆ ನಮಗೆ ಶಾಲು ಹೊದಿಸಿ ಹಾರ ಹಾಕುತ್ತಾರೆ, ಒಳ್ಳೆಯದು, ನಾನೂ ಹಾಕಿಸಿಕೊಂಡಿದ್ದೇನೆ. ಆದರೆ ಇನ್‌ಫಂಟ್ರಿಯ ಆ ಇಬ್ಬರು ಇಲ್ಲಿಗೆ ಬರುವ ಮುನ್ನ ಎಟಿಎಂ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು, ಇಂದು ಅವರ ಸಹಿ ಇಲ್ಲದೆ ಶೆಡ್ಡಿನಿಂದ ಬಸ್ಸು ಹೊರಡುವುದಿಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೇನೆಯ ಚಾಲನಾ ಪರವಾನಗಿಯನ್ನು ನಾಗರಿಕ ಪರವಾನಗಿ ಮಾಡಿಸಿಕೊಂಡೇ ಹೊರಬನ್ನಿ. ನಮ್ಮ ಎಎಸ್‌ಸಿ ಗೆಳೆಯ ಅದಿಲ್ಲದೆ ಏಳು ತಿಂಗಳು ಕಳೆದುಕೊಂಡ. ಹತ್ತನೇ ತರಗತಿ ಪಾಸಾಗಿ ಹದಿನೈದು ವರ್ಷ ಸೇವೆ ಮಾಡಿದವರಿಗೆ ಸಿಗುವ ಪದವಿ ತತ್ಸಮಾನ ಪ್ರಮಾಣಪತ್ರವನ್ನು ಬಿಡಬೇಡಿ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10 ಮೀಸಲಾತಿ ಇದೆ, ಬರೆಯುವವರು ಬರೆಯಿರಿ. ಆದರೆ ಫಲಿತಾಂಶ ಕಾಯುತ್ತಾ ಕೈಯ ಟ್ರೇಡಿಗೆ ತುಕ್ಕು ಹಿಡಿಸಬೇಡಿ.

ನಾಲ್ಕೇ ವರ್ಷಕ್ಕೆ ಸೇನೆಗೆ ಸೇರುವ ಅಗ್ನಿವೀರರ ಮೊದಲ ತಂಡಗಳ ಅವಧಿ 2026ರ ಕೊನೆಯಿಂದ ಮುಗಿಯತೊಡಗುತ್ತದೆ. ಶೇ. 25ರವರೆಗೆ ಒಳಗೆ ಉಳಿಯುತ್ತಾರೆ. ಹೊರಬರುವವರಿಗೆ ಸೇವಾ ನಿಧಿ ಎಂದು ಸುಮಾರು ಹನ್ನೊಂದು ಮುಕ್ಕಾಲು ಲಕ್ಷ ಒಂದೇ ಸಲ ಸಿಗುತ್ತದೆ, ಪಿಂಚಣಿ ಇಲ್ಲ. ನನಗೆ ಎರಡು ಸಲ ಬಿದ್ದಾಗಲೂ ಪಿಂಚಣಿ ಎತ್ತಿ ಹಿಡಿಯಿತು, ಅವರಿಗೆ ಅದಿರುವುದಿಲ್ಲ. ಚಿತ್ರದುರ್ಗದ ಹುಡುಗನೊಬ್ಬ ಈಗಲೇ ಫೋನು ಮಾಡಿ, "ಸೇವಾ ನಿಧಿ ಹಾಕಿ ಗ್ಯಾರೇಜು ತೆಗೆಯಲಾ ಉಸ್ತಾದ್?" ಎಂದು ಕೇಳಿದ. ಒಂದು ರೂಪಾಯಿಯನ್ನೂ ಮುಟ್ಟಬೇಡ, ಬ್ಯಾಂಕಿನಲ್ಲಿಡು, ಎರಡು ವರ್ಷ ನಮ್ಮ ಶೆಡ್ಡಿಗೆ ಬಾ ಎಂದಿದ್ದೇನೆ. ಶೆಡ್ಡಿನ ಹಿಂದಿನ ಕೋಣೆಗೆ ಸುಣ್ಣ ಬಳಿಸಿ ಎರಡು ಮಂಚ ಹಾಕಿಸಿದ್ದೇನೆ.