ಬ್ಲಂಟ್‌ನ ಜೈಲು ಸುನೀತಗಳು ಕಡೆಗೂ ಕನ್ನಡಕ್ಕೆ ಬಂದವು

ಪ್ರಾಸ ಬಿಟ್ಟರೆ ಅದು ಸುನೀತವೇ (ಹದಿನಾಲ್ಕು ಸಾಲಿನ ಸಾನೆಟ್) ಅಲ್ಲ ಎಂದು ಗೆಳೆಯರೆಲ್ಲ ಹೇಳಿದ್ದರು. ಆದರೂ ಬಿಟ್ಟೆ. ಆಮೇಲೆಯೇ ಇಂಗ್ಲಿಷ್ ಕವಿ ವಿಲ್ಫ್ರಿಡ್ ಸ್ಕಾವೆನ್ ಬ್ಲಂಟ್ ಕನ್ನಡದಲ್ಲಿ ಬಾಯಿ ಬಿಟ್ಟ.

ಮೊದಲ ವರ್ಷ ಪೂರ್ತಿ ಹಾಳು. 1889ರ ‘ಇನ್ ವಿಂಕ್ಯುಲಿಸ್’ ಸುನೀತಗಳಿಗೆ ಸಾಲು ಸಾಲಿಗೂ ಅಂತ್ಯಪ್ರಾಸ ಕಟ್ಟಿದೆ. ಬ್ಲಂಟ್ ಐರ್ಲೆಂಡಿನ ವುಡ್‌ಫರ್ಡ್‌ನಲ್ಲಿ ಗೇಣಿದಾರರ ಪರ ನಿಷೇಧ ಮುರಿದು ಸಭೆ ನಡೆಸಿ, 1888ರಲ್ಲಿ 2 ತಿಂಗಳು ಗಾಲ್ವೇ, ಕಿಲ್ಮೇನಮ್ ಜೈಲುಗಳಲ್ಲಿದ್ದವನು. ಅವನ ಸಿಟ್ಟು ನನ್ನ ಸಾಲುಗಳಲ್ಲಿ ಶಾಲೆಯ ಪ್ರಾರ್ಥನೆಯ ಹಾಗೆ ಕೇಳುತ್ತಿತ್ತು.

ಭಾಮಿನಿ ಷಟ್ಪದಿಯನ್ನೂ ನೋಡಿದೆ. ಓದಿದರೆ ಗಮಕದ ರಾಗವೇ ಬರುತ್ತಿತ್ತು, ಕೈಬಿಟ್ಟೆ. ಆದರೆ 1882ರಲ್ಲಿ ಬ್ರಿಟನ್ ಈಜಿಪ್ಟನ್ನು ಹಿಡಿದುಕೊಂಡದ್ದಕ್ಕೆ ಅವನು ಶಾಪ ಹಾಕಿದ ‘ದಿ ವಿಂಡ್ ಅಂಡ್ ದಿ ವರ್ಲ್‌ವಿಂಡ್’ ಇದೆಯಲ್ಲ, ಅದಕ್ಕೆ ಭಾಮಿನಿ ಚೆನ್ನಾಗಿ ಒಗ್ಗಿತು. 20 ಪದ್ಯ ಮಾಡಿಟ್ಟಿದ್ದೇನೆ.

ಜೈಲಿನ ಕವಿತೆಗೆ ಕೊನೆಗೆ ಹಿಡಿದದ್ದು ಪ್ರಾಸವಿಲ್ಲದ ಸರಳ ರಗಳೆ. ಜೈಲನ್ನು ಅವನು ದೇವರಿಲ್ಲದ ಕಾನ್ವೆಂಟ್ (ಕ್ರೈಸ್ತ ಸನ್ಯಾಸಿಗಳ ಮನೆ) ಎನ್ನುತ್ತಾನೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಲ್ಲಿನ ಕಟ್ಟಳೆ. ‘ಆಶ್ರಮ’ ಹಾಕಿ ನೋಡಿದೆ, ಸಪ್ಪೆಯಾಯಿತು. ‘ಮಠ’ ಎಂದೆ, ಸಾಲು ತಾನಾಗಿ ಕೂತಿತು: ‘ದೇವರಿಲ್ಲದ ಮಠವು ಈ ಸೆರೆಮನೆಯ ಬಾಳು’. ಐದೈದು ಮಾತ್ರೆ, ನಾಲ್ಕು ಗಣ. ಎಣಿಸಿ ನೋಡಿ! ಸುನೀತ ತಿರುವು ಪಡೆಯುವ ಒಂಬತ್ತನೇ ಸಾಲನ್ನು ಹೇಗೆ ಎತ್ತಿಕೊಂಡೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎರಡನೇ ಭಾಗ ಬರಬೇಕಿದೆ.

ಪುಸ್ತಕದಲ್ಲಿ ಬ್ಲಂಟ್‌ನ ಜೀವನ ಚರಿತ್ರೆಯ ಭಾಗವನ್ನು 1840ರ ಹುಟ್ಟಿನಿಂದ ಶುರು ಮಾಡಿ ಸೋತಿದ್ದೆ. ಬೈರನ್‌ನ ಮೊಮ್ಮಗಳು ಆನ್‌ಳ ಜೊತೆ ಮದುವೆ, ಇಬ್ಬರೂ ಅರೇಬಿಯಾದ ನೆಜ್ದ್ ಮರಳುಗಾಡಿಗೆ ಹೋದದ್ದು, ಅರಬ್ಬೀ ಕುದುರೆ ಸಾಕಿದ್ದು, ಇಷ್ಟಕ್ಕೇ 60 ಪುಟ ಹೋಯಿತು. ಓದಿದವರಿಗೆ ಕುದುರೆ ಮಾತ್ರ ನೆನಪುಳಿಯಿತು. ಈಗ ಪುಸ್ತಕ ಜೈಲಿನಲ್ಲೇ ಶುರುವಾಗುತ್ತದೆ. ಸ್ವತಃ ಜಮೀನ್ದಾರ, ಒಕ್ಕಲುಗಳಿಗಾಗಿ ಒಳಗೆ ಹೋದ. ಅಲ್ಲಿಂದ ಹಿಂದಕ್ಕೆ, ಬ್ರಿಟಿಷರಿಗೆ ಸೋತ ಈಜಿಪ್ಟಿನ ದಂಗೆಯ ನಾಯಕ ಉರಾಬಿಯ ವಕೀಲರಿಗೆ ತನ್ನ ದುಡ್ಡು ಸುರಿದ ಕಥೆಗೆ. ಆಮೇಲೆ 1883-84ರ ಭಾರತ ಪ್ರವಾಸ.

ದುಡ್ಡಿನ ವಿಷಯ. ಮೊದಲ ಸಲ ಫಾಂಟ್ ಬದಲಿಸುವಾಗ ಅರ್ಕಾವತ್ತೆಲ್ಲ ಜಾಗ ತಪ್ಪಿ 50 ಪ್ರತಿ ರದ್ದಿಗೆ ಹೋಯಿತು. ಸುಮ್ನೆ 7-8 ಸಾವಿರ ನಷ್ಟ. ಮುದ್ರಕರು ಒಂದು ರೂಪಾಯಿ ಬಿಡಲಿಲ್ಲ. ಎರಡನೇ ಸಲ 300 ಪ್ರತಿ, 30 ಸಾವಿರದ ಹತ್ತಿರ ಬಿತ್ತು. ಬೆಲೆ 130. ಈವರೆಗೆ 250 ಹೋಗಿವೆ. ಕವಿತೆಯ ಪುಸ್ತಕಕ್ಕೆ ಇದು ಜಾಸ್ತಿಯೇ ಅಲ್ವಾ?

ಪ್ರಾಸ ಬೇಕೇ ಬೇಕು ಅಂದಿದ್ದ ಗೆಳೆಯರೊಬ್ಬರು ಧಾರವಾಡದಲ್ಲಿ ನಾನು ಓದುವಾಗ ಮುಂದೆಯೇ ಕೂತಿದ್ದರು. ಮಠದ ಸುನೀತ ಮುಗಿದ ಕೂಡಲೇ ‘ಇನ್ನೊಮ್ಮೆ ಓದ್ರೀ’ ಅಂದರು.