ಧಾರವಾಡದ ಅಡಿಗೆಮನೆಗೆ ಒಂದು ಎಸ್ಪ್ರೆಸೊ ಮಷೀನು

ನಮ್ಮದು ಚಹಾದ ಮನೆ. ಅವ್ವನಿಗೆ ಬೆಳಿಗ್ಗೆ ಐದೂವರೆಗೆ ಒಂದು ಕಪ್ಪು, ಹತ್ತಕ್ಕೆ ಒಂದು, ಮಧ್ಯಾಹ್ನ ಮಲಗಿ ಎದ್ದಮೇಲೆ ಒಂದು, ಯಾರಾದರೂ ಬಂದರೆ ಅವರ ನೆಪದಲ್ಲಿ ಇನ್ನೊಂದು. ಹೆಂಡತಿ ಶಿವಮೊಗ್ಗದ ಕಡೆಯವಳು, ಮದುವೆಯಾಗಿ ಬರುವಾಗಲೇ ಹಿತ್ತಾಳೆ ಫಿಲ್ಟರ್ ತಂದವಳು. ಎಸ್ಪ್ರೆಸೊ, ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಹಾಯಿಸಿ ಇಳಿಸುವ ಗಟ್ಟಿ ಕಾಫಿ, ಅದರ ಚಟ ಹತ್ತಿಸಿಕೊಂಡವನು ನಾನೊಬ್ಬನೇ. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ ಧಾರವಾಡಕ್ಕೆ ವಾಪಸ್ ಬಂದೆ, ಚಟ ಬರಲಿಲ್ಲ ಅಂತ ಹೇಳೋದಕ್ಕೆ ಆಗಲಿಲ್ಲ. ಬೀಜ ಹಾಕಿ ಗುಂಡಿ ಒತ್ತಿದರೆ ತಾನೇ ಬೀಸಿ, ತಾನೇ ಕಾಫಿ ಇಳಿಸುವ ಪೂರ್ತಿ ಆಟೋಮ್ಯಾಟಿಕ್ ಮಷೀನು ಕೊಂಡು ಈಗ ಎರಡು ವರ್ಷ ದಾಟಿದೆ. ಕೊಡುವ ರೊಕ್ಕ ಸಣ್ಣದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಕೊಂಡದ್ದು ಇದಲ್ಲ. ಏಳು ಸಾವಿರದ ಒಂದು ಸಣ್ಣ ಮಷೀನು, ಪುಡಿ ನಾವೇ ತುಂಬಿ ಹಿಡಿಕೆ ತಿರುಗಿಸುವಂಥದ್ದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '15 ಬಾರ್' ಅಂತ ಇತ್ತು, ನಾನು ಅದಕ್ಕೇ ಮರುಳಾದೆ. ಆಮೇಲೆ ತಿಳೀತು, ಎಸ್ಪ್ರೆಸೊ ಇಳಿಯಲು ಸುಮಾರು 9 ಬಾರ್ ಒತ್ತಡ ಸಾಕು. 15 ಅನ್ನೋದು ಆ ಪಂಪು ಹೆಚ್ಚೆಂದರೆ ಎಷ್ಟು ಒತ್ತಬಲ್ಲದು ಅನ್ನೋ ಲೆಕ್ಕ, ಅಷ್ಟೇ. ಪಂಪಿಗಿಂತ ಪುಡಿ ಮುಖ್ಯ. ನಾನು ಹಾಕಿದ್ದು ಹೆಂಡತಿಯ ಡಬ್ಬದಲ್ಲಿದ್ದ ಫಿಲ್ಟರ್ ಪುಡಿ, ಚಿಕೋರಿ ಬೆರೆಸಿದ್ದು. ನಮ್ಮಲ್ಲಿ ಕಾಫಿ-ಚಿಕೋರಿ ಮಿಶ್ರಣ ಅಂತ ಮಾರುವ ಪುಡಿಯಲ್ಲಿ ಕಾಫಿ 51 ಪರ್ಸೆಂಟ್ ಇದ್ದರೂ ಸಾಕು ಅಂತ ನಿಯಮ. ಉಳಿದದ್ದು ಹುರಿದ ಬೇರು. ಅದು ನೀರು ಕುಡಿದು ಅಂಟಂಟಾಗುತ್ತದೆ. ಡಿಕಾಕ್ಷನ್‌ಗೆ ಅದೇ ಚೆಂದ, ಮಷೀನಿನ ಜರಡಿಗೆ ಮಾತ್ರ ಗೋಂದು ಸುರಿದಂತೆ. ಮೂರು ವಾರದಲ್ಲಿ ಅದು ಅಟ್ಟ ಸೇರಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರುಚಿಯೊಂದೇ ಮುಖ್ಯ ಅನ್ನುವವರು ಒಳ್ಳೆಯ ಗ್ರೈಂಡರ್ ಜೊತೆ ಕೈಮಷೀನನ್ನೇ ಕೊಳ್ಳಲಿ. ಅದರಲ್ಲಿ ಒಂದು ಸಲಕ್ಕೆ 18 ಗ್ರಾಂ ಪುಡಿ ಹಾಕುತ್ತಾರೆ, ಆಟೋಮ್ಯಾಟಿಕ್‌ನಲ್ಲಿ ಕಪ್ಪಿಗೆ 8-10 ಗ್ರಾಂ. ಕಾಫಿ ಸ್ವಲ್ಪ ತೆಳುವೇ. ಆದರೆ ನಾನು ಎಂಟಕ್ಕೆ ಹುಬ್ಬಳ್ಳಿ ಬಸ್ಸು ಹಿಡಿಯಬೇಕು. ಪುಡಿ ತೂಗಿ, ಒತ್ತಿ, ಚೆಲ್ಲಿ, ಕಟ್ಟೆ ಒರೆಸಿ ಅಂತ ಕೂತರೆ ಆಗೋದಿಲ್ಲ. ಕಟ್ಟೆ ಮೇಲೆ ಪುಡಿ ಚೆಲ್ಲಿದ್ದನ್ನು ಅವ್ವ ನೋಡಿದರೆ ಅದು ಬೇರೆಯೇ ಕಥೆ.

ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋಗಿ ಕೇಳಿದೆ. "ತರಿಸಿ ಕೊಡ್ತೀವ್ರಿ ಸರ, ಡೆಮೊ ಇಲ್ರಿ" ಅಂದ ಹುಡುಗ. ಕೆಟ್ಟರೆ? "ಬೆಂಗಳೂರಿಗೆ ಕಳಸೂದ್ರಿ." 400 ಕಿಲೋಮೀಟರ್. ಅವನು ಸುಳ್ಳು ಹೇಳದೆ ಇದ್ದದ್ದು ದೊಡ್ಡ ಉಪಕಾರ ಅಂತ ಈಗ ಅನ್ನಿಸುತ್ತದೆ. ಆಗ ಮಾತ್ರ ನನ್ನ ಗಮನವೆಲ್ಲ ಪಾನೀಯಗಳ ಪಟ್ಟಿ ಮೇಲಿತ್ತು. ಒಂದರಲ್ಲಿ 5 ಬಗೆ, ಇನ್ನೊಂದರಲ್ಲಿ 12 ಬಗೆ, ಬಗೆ ಹೆಚ್ಚಾದಂತೆ ರೇಟು ಹೆಚ್ಚು. ನಾನು ನೋಡುವಾಗ 40 ಸಾವಿರದಿಂದ ಶುರುವಾಗಿ ಒಂದು ಲಕ್ಷದ ಆಚೆಗೂ ಹೋಗುತ್ತಿದ್ದವು. ಕೂತು ಯೋಚಿಸಿದರೆ ಆ ಬಗೆಗಳೆಲ್ಲ ಮೂರೇ ವಸ್ತುವಿನ ಆಟ: ಕಾಫಿ, ಬಿಸಿನೀರು, ಹಾಲು. ಕಪ್ಪಿಗೆ ನೀರು ಜಾಸ್ತಿ ಹಾಕಲು ನನಗೆ ಗುಂಡಿ ಯಾಕೆ ಬೇಕು?

ಬೆಂಗಳೂರಿನಲ್ಲಿ ಕಾಕಾನ ಮಗನ ಮನೆಗೆ ಹೋದಾಗ ಕಣ್ಣು ತೆರೆಯಿತು. ಅವನ ಹತ್ತಿರ ನಾಲ್ಕು ವರ್ಷದ ಹಳೆ ಮಷೀನು. ಭಾನುವಾರ ಬೆಳಿಗ್ಗೆ ಅದರ ಪಕ್ಕದ ಬಾಗಿಲು ತೆಗೆದು, ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಯಂತ್ರ ಹೊರಗೆಳೆದು, ನಳದ ಕೆಳಗೆ ಹಿಡಿದು ತೊಳೆದ. ಅದಕ್ಕೆ ಬ್ರೂ ಯೂನಿಟ್ ಅಂತಾರೆ. ಬೀಸಿದ ಪುಡಿ ಅದರೊಳಗೆ ಬೀಳುತ್ತದೆ, ಅದು ಪುಡಿಯನ್ನು ಒತ್ತಿ ಹಿಡಿಯುತ್ತದೆ, ಬಿಸಿನೀರು ಹಾದು ಕಾಫಿಯಾಗುತ್ತದೆ, ಉಳಿದ ಚರಟವನ್ನು ಬಿಲ್ಲೆ ಮಾಡಿ ಡಬ್ಬಕ್ಕೆ ಬಿಸಾಕುತ್ತದೆ. ಕೊಳೆಯಾಗುವುದೆಲ್ಲ ಅಲ್ಲೇ. ಕಾಫಿ ಎಣ್ಣೆ, ಒದ್ದೆ ಪುಡಿ, ಬೆಚ್ಚಗಿನ ಕತ್ತಲೆ. ಬೂಷ್ಟು ಹಿಡಿಯಲು ಇನ್ನೇನು ಬೇಕು?

ಅಲ್ಲಿಂದ ನನ್ನ ಪ್ರಶ್ನೆಯೇ ಬದಲಾಯಿತು. ಏನೇನು ಮಾಡುತ್ತದೆ ಅಂತ ಕೇಳುವುದು ಬಿಟ್ಟು, ಏನೇನು ಕೈಯಿಂದ ಬಿಚ್ಚಿ ಬರುತ್ತದೆ ಅಂತ ಕೇಳತೊಡಗಿದೆ. ಫಿಲಿಪ್ಸ್ ಮತ್ತು ಡೆಲಾಂಗಿಯ ಮನೆ ಮಷೀನುಗಳಲ್ಲಿ ಬ್ರೂ ಯೂನಿಟ್ ಹೊರಗೆ ಬರುತ್ತದೆ. ಇಂಥ ಮಷೀನು ಮಾಡುವ ಇಟಲಿಯ ಸೇಕೋ ಕಂಪನಿಯನ್ನು ಫಿಲಿಪ್ಸ್ 2009ರಲ್ಲಿ ಕೊಂಡಿತು, ಫಿಲಿಪ್ಸ್ ಮಷೀನುಗಳಿಗೆ ಆ ಅನುಭವ ಬಂದದ್ದು ಅಲ್ಲಿಂದ. ಜುರಾ ಕಂಪನಿಯ ಮಷೀನುಗಳಲ್ಲಿ ಯೂನಿಟ್ ಹೊರಗೆ ಬರೋದಿಲ್ಲ, ಗುಳಿಗೆ ಹಾಕಿ ಒಳಗೇ ತೊಳೆಯುವ ಪದ್ಧತಿ. ಅದು ಕೆಟ್ಟದ್ದು ಅಂತಲ್ಲ, ಕೈ ಹೊಲಸು ಮಾಡಿಕೊಳ್ಳದವರಿಗೆ ಅದೇ ಅನುಕೂಲ. ಆದರೆ ರಿಪೇರಿಯವನು 400 ಕಿಲೋಮೀಟರ್ ದೂರ ಇರುವ ಊರಲ್ಲಿ, ಒಳಗೇನಾಗಿದೆ ಅಂತ ನಾನೇ ನೋಡುವಂತಿರಬೇಕು.

ಹಾಲಿನದೂ ಇದೇ ಲೆಕ್ಕ. ಕೆಲವಕ್ಕೆ ಹಾಲಿನ ಡಬ್ಬವೇ ಅಂಟಿರುತ್ತದೆ, ಗುಂಡಿ ಒತ್ತಿದರೆ ನೊರೆ ಸಮೇತ ಕಪ್ಪಿಗೆ ಬರುತ್ತದೆ. ಕೆಲವಕ್ಕೆ ಬರೀ ಒಂದು ಸ್ಟೀಮ್ ಪೈಪು, ನೊರೆ ನಾವೇ ಎಬ್ಬಿಸಿಕೊಳ್ಳಬೇಕು. ಕಾಕಾನ ಮಗನದು ಸಣ್ಣ ನಳಿಗೆಯ ಹಾಲಿನ ಡಬ್ಬ. ನಮ್ಮ ಮನೆಯಲ್ಲಿ ಹಾಲು ಕಾಯಿಸದೆ ಯಾರೂ ಮುಟ್ಟೋದಿಲ್ಲ. ಕಾಯಿಸಿದ ಹಾಲಿನಲ್ಲಿ ಕೆನೆ, ಅದರಲ್ಲೂ ನಮ್ಮ ಕಡೆ ಎಮ್ಮೆ ಹಾಲು, ಪೇಢಾ ಮಾಡುವ ಊರು. ಆ ಕೆನೆಯ ಒಂದು ಎಳೆ ಹೋಗಿ ಆ ನಳಿಗೆಯಲ್ಲಿ ಕೂತರೆ ಮುಗೀತು. ಫಿಲಿಪ್ಸ್‌ನ ಲಾಟೆಗೋ ಅನ್ನುವ ಡಬ್ಬಕ್ಕೆ ನಳಿಗೆಯೇ ಇಲ್ಲ, ಎರಡು ಭಾಗ ಬಿಚ್ಚಿ ತೊಳೆದರಾಯಿತು, ಅದು ಒಳ್ಳೆಯ ಉಪಾಯ. ನಾನು ಮಾತ್ರ ಸ್ಟೀಮ್ ಪೈಪಿನದ್ದೇ ತಗೊಂಡೆ, ಹತ್ತು ಸಾವಿರದ ಮೇಲೆ ಉಳಿಯಿತು. ಶುರುವಿನಲ್ಲಿ ಎಮ್ಮೆ ಹಾಲಿನಿಂದ ನೊರೆ ತೆಗೆಯಲು ಹೋಗಿ ಪಾಯಸದಂಥದ್ದು ಕುಡಿದೆ. ಈಗ ಅದಕ್ಕೆಂದೇ ನಂದಿನಿಯ ನೀಲಿ ಪ್ಯಾಕೆಟ್, 3 ಪರ್ಸೆಂಟ್ ಕೊಬ್ಬಿನದು. ಪಾಶ್ಚರೀಕರಿಸಿದ ಹಾಲು, ಫ್ರಿಜ್ಜಿನಿಂದ ನೇರ ತೆಗೆದು ನೊರೆ ಎಬ್ಬಿಸಬಹುದು. ತಣ್ಣಗಿದ್ದಷ್ಟೂ ಒಳ್ಳೆಯದು. ಪಾತ್ರೆ ಕೈಗೆ ಹಿಡಿಯಲಾಗದಷ್ಟು ಸುಡತೊಡಗಿದಾಗ, ಅಂದರೆ 60-65 ಡಿಗ್ರಿಗೆ, ನಿಲ್ಲಿಸಬೇಕು. ಅದರ ಮೇಲೆ ಹೋದರೆ ಹಾಲಿನ ಸಿಹಿ ಹೋಗುತ್ತದೆ. ಕಾಯಿಸದ ಹಾಲಿನ ವಿಷಯ ಅವ್ವನಿಗೆ ಇನ್ನೂ ಹೇಳಿಲ್ಲ.

ಈ ನಡುವೆ ನ್ಯೂಜೆರ್ಸಿಯಲ್ಲಿರುವ ಅಳಿಯ, ಅಂದರೆ ಅಕ್ಕನ ಮಗ, "ಮಾಮಾ, ಇಲ್ಲಿ ಅರ್ಧ ರೇಟಿಗೆ ಸಿಗತದ, ಬರುವಾಗ ತರ್ತೀನಿ" ಅಂದ. ಆಸೆಯಾಯಿತು. ಆದರೆ ಅಮೆರಿಕದ ಕರೆಂಟು 120 ವೋಲ್ಟು, ನಮ್ಮದು 230. ಮಷೀನು ನೀರು ಕಾಯಿಸಲು 1500 ವ್ಯಾಟ್ ಹತ್ತಿರ ಎಳೆಯುತ್ತದೆ. ಅಷ್ಟು ತಡೆಯುವ ಟ್ರಾನ್ಸ್‌ಫಾರ್ಮರ್ ಮಷೀನಿಗಿಂತ ಭಾರ ಆದೀತು, ವಾರಂಟಿಯೂ ಇಲ್ಲಿ ನಡೆಯೋದಿಲ್ಲ. ಚಾಕೊಲೇಟ್ ತಾ ಸಾಕು ಅಂದೆ. ಅದೇ 1500 ವ್ಯಾಟಿನ ಕಾರಣಕ್ಕೆ ಮಿಕ್ಸರಿನ ಸಣ್ಣ ಸಾಕೆಟ್ ಬಿಟ್ಟು 16 ಆಂಪಿಯರಿನ ಪವರ್ ಪ್ಲಗ್ಗಿಗೇ ಹಾಕಿಸಿ. ಇನ್ವರ್ಟರ್ ಲೈನಿಗೆ ಕೊಡಲೇಬೇಡಿ, ಫ್ಯಾನು ದೀಪ ನಡೆಸುವ ಮನೆ ಇನ್ವರ್ಟರಿಗೆ ಅದು ತಾಳೋದಿಲ್ಲ. ಕಾಫಿ ಇಳಿಯುತ್ತಿರುವಾಗ ಕರೆಂಟು ಹೋದರೆ ಬ್ರೂ ಯೂನಿಟ್ ಅರ್ಧಕ್ಕೇ ನಿಲ್ಲುತ್ತದೆ. ಎಳೆದರೆ ಬರೋದಿಲ್ಲ, ಜಗ್ಗಬೇಡಿ. ಕರೆಂಟು ಬಂದಮೇಲೆ ತಾನೇ ತನ್ನ ಜಾಗಕ್ಕೆ ಹೋಗುತ್ತದೆ.

ಅಳತೆ ತಗೊಂಡೆ, ಅಗಲ ಎತ್ತರ ಎಲ್ಲ. ಬಾಗಿಲು ಯಾವ ಕಡೆ ಅಂತ ನೋಡಲಿಲ್ಲ. ನನ್ನ ಮಷೀನಿನ ಬಾಗಿಲು ಬಲಕ್ಕೆ, ನಮ್ಮ ಕಟ್ಟೆಯ ಬಲಕ್ಕೆ ಗೋಡೆ. ಹೀಗಾಗಿ ಎಂಟು ಕಿಲೋ ಭಾರದ ಅದನ್ನು ಪ್ರತಿ ಭಾನುವಾರ ಜರುಗಿಸುತ್ತೇನೆ. ನೀರಿನ ಟಾಕಿ ಮೇಲಿನಿಂದ ತೆಗೆಯುವಂಥದ್ದಾದರೆ ಮೇಲಿನ ಕಪಾಟಿಗೆ ತಾಗುತ್ತದಾ ಅಂತಲೂ ನೋಡಿಕೊಳ್ಳಿ.

ಇನ್ನು ನೀರು. ನಮಗೆ ಮಲಪ್ರಭಾ ನೀರು, ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿನಿಂದ ಬರುವುದು. ಅದು ನಳಕ್ಕೆ ಬರುವುದು ನಾಲ್ಕೈದು ದಿನಕ್ಕೊಮ್ಮೆ. ನಡುವೆ ಖಾಲಿಯಾದರೆ ಬೋರಿನ ನೀರು. ಮಷೀನಿನ ಜೊತೆ ಒಂದು ಕಾಗದದ ಪಟ್ಟಿ ಕೊಟ್ಟಿದ್ದರು, ನೀರಿಗೆ ಅದ್ದಿ ತೆಗೆದು ಒಂದು ನಿಮಿಷ ಬಿಟ್ಟರೆ ಗಡಸು ಎಷ್ಟು ಅಂತ ಚೌಕಗಳು ಕೆಂಪಾಗಿ ಹೇಳುತ್ತವೆ. ನಳದ ನೀರಿಗೆ ಎರಡು ಚೌಕ, ಬೋರಿಗೆ ನಾಲ್ಕೂ. ಬೋರಿನ ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟೋದು ಎಲ್ಲರೂ ಕಂಡದ್ದೇ, ಅದೇ ಸುಣ್ಣ ಮಷೀನಿನ ಸಣ್ಣ ಕೊಳವೆಯಲ್ಲಿ ಕಟ್ಟಿದರೆ ಏನಾಗಬೇಡ. ಹಾಗಂತ ಬರೀ ಆರ್‌ಓ ನೀರು ಹಾಕಿದೆ, ಕಾಫಿ ಸಪ್ಪೆ. ನೀರಿನಲ್ಲಿ ಒಂದಿಷ್ಟು ಖನಿಜ ಇದ್ದರೇ ಕಾಫಿಯ ರುಚಿ ಬಿಡೋದು, ಟಿಡಿಎಸ್, ಅಂದರೆ ಕರಗಿದ ಖನಿಜದ ಅಳತೆ, 150ರ ಆಸುಪಾಸು ಚೆನ್ನ. ಈಗ ಎರಡು ಪಾಲು ಆರ್‌ಓ, ಒಂದು ಪಾಲು ನಳದ ನೀರು. ಯಾವ ನೀರು ಹಾಕುತ್ತೀರೋ ಅದರ ಗಡಸನ್ನು ಮಷೀನಿಗೆ ಸೆಟ್ ಮಾಡಿ, ಯಾವಾಗ ಸುಣ್ಣ ತೆಗೆಯಬೇಕು ಅಂತ ಅದು ಆ ಲೆಕ್ಕದ ಮೇಲೇ ಹೇಳೋದು. ನಾನು ಮೊದಲ ಆರು ತಿಂಗಳು ಸೆಟ್ ಮಾಡಿರಲೇ ಇಲ್ಲ. ಸುಣ್ಣ ತೆಗೆಯಲು ಕಂಪನಿಯ ದ್ರಾವಣವೇ ಹಾಕಿ, ವಿನೆಗರ್ ಬೇಡ, ರಬ್ಬರಿಗೆ ಒಳ್ಳೆಯದಲ್ಲ, ವಾಸನೆಯಂತೂ ವಾರಗಟ್ಟಲೆ ಹೋಗೋದಿಲ್ಲ.

ಬೀಜ ಚಿಕ್ಕಮಗಳೂರಿನಿಂದ ಕೊರಿಯರಿನಲ್ಲಿ ತರಿಸುತ್ತೇನೆ, 250 ಗ್ರಾಂ 450 ರೂಪಾಯಿ. ಕಪ್ಪಿಗೆ 9 ಗ್ರಾಂ ಅಂದರೆ 27 ಕಪ್ಪು, ಒಂದಕ್ಕೆ ಹದಿನಾರು ಹದಿನೇಳು ರೂಪಾಯಿ ಬೀಳುತ್ತದೆ. ಹುರಿದ ತಾರೀಖು ಪ್ಯಾಕೆಟ್ ಮೇಲೆ ಇದ್ದರೆ ಮಾತ್ರ ಕೊಳ್ಳಿ. ಒಂದು ಸಲ ಕಪ್ಪಗೆ ಹುರಿದ, ಎಣ್ಣೆ ಮಿಂಚುವ ಬೀಜ ಹಾಕಿದೆ. ನೋಡಲು ಬಲು ಚೆಂದ. ಆದರೆ ಎಣ್ಣೆಗೆ ಬೀಜ ಒಂದಕ್ಕೊಂದು ಅಂಟಿ ಗ್ರೈಂಡರಿಗೆ ಇಳಿಯಲೇ ಇಲ್ಲ, ಮಷೀನು 'ಬೀಜ ಇಲ್ಲ' ಅಂತ ಕೆಂಪು ದೀಪ ಹಾಕಿ ಕೂತಿತು. ಡಬ್ಬದ ತುಂಬಾ ಬೀಜ ಇದೆ, ಮಾರಾಯಾ! ಮಧ್ಯಮ ಹುರಿದದ್ದೇ ಸಾಕು. ಇನ್ನೊಂದು, ಪುಡಿಯ ನುಣುಪು ಬದಲಿಸುವ ತಿರುಪನ್ನು ಗ್ರೈಂಡರ್ ತಿರುಗುತ್ತಿರುವಾಗ ಮಾತ್ರ ತಿರುಗಿಸಬೇಕು, ಒಂದೊಂದೇ ಹಲ್ಲು. ಫರಕು ಎರಡು ಕಪ್ಪು ಆದಮೇಲೆ ಗೊತ್ತಾಗೋದು. ಫಿಲ್ಟರ್ ಪುಡಿಯನ್ನಾಗಲೀ ಇನ್‌ಸ್ಟಂಟ್ ಪುಡಿಯನ್ನಾಗಲೀ ಬೀಜದ ಡಬ್ಬಕ್ಕೆ ಸುರಿಯಬೇಡಿ. ಮನೆಗೆ ಬಂದ ನೆಂಟರಿಗೂ ಹೇಳಿಡಿ.

ಅಷ್ಟೆಲ್ಲ ಮಾಡಿಯೂ ಒಂದು ಸಲ ಕೆಡಿಸಿದೆ. ಮಳೆಗಾಲದಲ್ಲಿ ಹಾವೇರಿ ಹತ್ತಿರ ಒಂದು ಮದುವೆ, ಅಲ್ಲಿಂದ ಮುಂದೆ ಹೆಂಡತಿಯ ತವರು, ಒಟ್ಟು ಒಂಬತ್ತು ದಿನ. ಚರಟದ ಡಬ್ಬ ಖಾಲಿ ಮಾಡದೆ ಹೋಗಿದ್ದೆ. ಬಂದು ತೆಗೆದರೆ ಹಸಿರು ಬಿಳಿ ಹತ್ತಿ. ಬ್ರೂ ಯೂನಿಟ್ ಹೊರಗೆ ಬರುವಂಥದ್ದಾಗಿದ್ದಕ್ಕೆ ಅರ್ಧ ತಾಸಿನಲ್ಲಿ ತೊಳೆದು, ಒಣಗಿಸಿ, ಕುಡಿಯುವಂತಾಯಿತು. ಸೋಪು ಹಾಕಬಾರದು, ಬರೀ ನೀರು. ರಬ್ಬರ್ ರಿಂಗಿಗೆ ಎರಡು ತಿಂಗಳಿಗೊಮ್ಮೆ ಒಂದು ಚೂರು ಆಹಾರಕ್ಕೆ ನಡೆಯುವ ಸಿಲಿಕೋನ್ ಗ್ರೀಸು. ಕಳೆದ ವರ್ಷ ಆ ರಿಂಗು ಸವೆದು ಕಾಫಿ ಕೆಳಗೆ ಸೋರತೊಡಗಿತ್ತು. ರಿಂಗು ತರಿಸಿ ನಾನೇ ಹಾಕಿದೆ, ಇನ್ನೂರು ರೂಪಾಯಿಯೊಳಗೆ ಮುಗೀತು. ಭಾನುವಾರ ಕಿಟಕಿ ಕಟ್ಟೆಯ ಮೇಲೆ ಅದನ್ನು ಒಣಗಲು ಇಟ್ಟದ್ದು ನೋಡಿ ಅವ್ವ ಪ್ರತಿ ಸಲ ಕೇಳುತ್ತಾಳೆ, "ಏನಪಾ, ಅದರ ಹಲ್ಲಿನ ಸೆಟ್ಟು ತಗದಿಯೇನು?"

ಹೋದ ತಿಂಗಳು ಹುಬ್ಬಳ್ಳಿ ಕೇಶ್ವಾಪುರದ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು, ಮೊಬೈಲಿನಲ್ಲಿ 12 ಬಗೆಯ ಪಟ್ಟಿ ಹಿಡಿದುಕೊಂಡು. ಒಂದು ಕಪ್ಪು ಮಾಡಿ ಕೊಟ್ಟೆ, ಚೆನ್ನಾಗಿದೆ ಅಂದರು. ಆಮೇಲೆ ಮಷೀನು ಜರುಗಿಸಿ, ಬಾಗಿಲು ತೆಗೆದು, ಬ್ರೂ ಯೂನಿಟ್ ಅವರ ಕೈಗೇ ಇಟ್ಟೆ. ಶನಿವಾರ ಅದು, ವಾರದ ಪುಡಿಯೆಲ್ಲ ಅಂಟಿತ್ತು.

"ಇದನ್ನ ಎಷ್ಟ ದಿನಕ್ಕೊಮ್ಮೆ ತೊಳೀಬೇಕ್ರಿ?"

"ವಾರಕ್ಕೊಮ್ಮೆ."

"ನನ್ನ ಕಡಿಂದ ಆಗೂದಿಲ್ಲ ಬಿಡ್ರಿ" ಅಂದರು. ಗ್ಯಾಸ್ ಒಲೆ ಮೇಲಿಟ್ಟು ಕಾಫಿ ಇಳಿಸುವ ಸಣ್ಣ ಮೋಕಾ ಪಾಟ್ ಒಂದನ್ನು ಕೊಂಡಿದ್ದಾರೆ. ಈಗ ಬೀಜ ಮಾತ್ರ ಇಬ್ಬರೂ ಸೇರಿ ತರಿಸುತ್ತೇವೆ.