ಗೇಜ್ ಹಿಡಿದು ಆಂಟೆನಾ ಕತ್ತಿಗಳನ್ನು ವಿಂಗಡಿಸಿದ ನನ್ನ ಅನುಭವ

"ಎಕ್ಸ್‌ಆರ್‌ಎಫ್ ಇಲ್ಲದೆ ಎಂಥ ವರ್ಗೀಕರಣ ಮಾರಾಯ" ಅಂತ ನಕ್ಕವರೇ ಈಗ ನನ್ನ ಪಟ್ಟಿ ಕೇಳುತ್ತಿದ್ದಾರೆ. ಎಕ್ಸ್‌ಆರ್‌ಎಫ್ ಅಂದರೆ ಕ್ಷ-ಕಿರಣ ಬಿಟ್ಟು ಮೇಲ್ಮೈಯಲ್ಲಿ ಯಾವ ಲೋಹ ಎಷ್ಟಿದೆ ಅಂತ ಹೇಳುವ ಯಂತ್ರ. ಆಂಟೆನಾ ಕತ್ತಿ ಅಂದರೆ ಹಿಡಿಯ ತುದಿ ಹುಳುವಿನ ಮೀಸೆಯಂತೆ ಕವಲೊಡೆದ ಹಳೆಯ ತಾಮ್ರದ ಕತ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕತ್ತಿಗಳು ಹೆಚ್ಚಾಗಿ ಸಿಗುವುದು ಗಂಗಾ ಬಯಲಿನ ತಾಮ್ರನಿಧಿಗಳಲ್ಲಿ, ಅಂದರೆ ಒಟ್ಟಿಗೆ ಹೂತಿಟ್ಟ ಹಳೆಯ ತಾಮ್ರದ ಸಾಮಾನುಗಳಲ್ಲಿ. ಅವುಗಳ ಕಾಲ ಹೇಳುವುದೇ ಕಷ್ಟ. ಹೆಚ್ಚಿನವು ಉಳುವಾಗಲೋ ಮಣ್ಣು ತೆಗೆಯುವಾಗಲೋ ಸಿಕ್ಕಿದವು. ಕಾಲ ಹೇಳೋಕೆ ಮಣ್ಣಿನ ಪದರವೂ ಇಲ್ಲ, ಮಡಕೆ ಚೂರೂ ಇಲ್ಲ.

ಮೊದಲು ನಾನೂ ಯಂತ್ರಕ್ಕೇ ದುಡ್ಡು ಸುರಿದೆ. ಬಾಡಿಗೆ, ಓಡಾಟ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಸಿಕ್ಕಿದ್ದು ಕಿಲುಬಿನ ಲೆಕ್ಕ! ಒಂದೇ ಕತ್ತಿಯಲ್ಲಿ ಒಂದು ಕಡೆ ಆರ್ಸೆನಿಕ್ ಜಾಸ್ತಿ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಕೆರೆದು ಒಳಲೋಹ ನೋಡೋಣ ಅಂದರೆ ಯಾವ ಮ್ಯೂಸಿಯಂ ಬಿಡುತ್ತದೆ?

ಆಮೇಲೆ ಬಡಗಿಗಳು ಬಳಸುವ ಪ್ರೊಫೈಲ್ ಗೇಜ್ ಕೊಂಡೆ. ಒತ್ತಿ ಹಿಡಿದರೆ ವಸ್ತುವಿನ ಆಕಾರ ಅದರ ಹಲ್ಲುಗಳಲ್ಲಿ ಮೂಡುತ್ತದೆ. ಐನೂರೋ ಆರುನೂರೋ ಕೊಟ್ಟ ನೆನಪು. ಪ್ಲಾಸ್ಟಿಕ್ ಹಲ್ಲಿನದ್ದೇ ಬೇಕು, ಉಕ್ಕಿನದ್ದು ಗೀರು ಹಾಕುತ್ತದೆ. ಹಿಡಿ ಸೇರುವಲ್ಲಿ, ಅಲಗಿನ ಮಧ್ಯದಲ್ಲಿ, ಮೊನೆಗಿಂತ ನಾಲ್ಕು ಬೆರಳು ಹಿಂದೆ ಅಡ್ಡ ಆಕಾರದ ಗೆರೆ ತೆಗೆದೆ. ನಡು ಏಣಿನ (ಅಲಗಿನ ಮಧ್ಯೆ ಉದ್ದಕ್ಕೂ ಉಬ್ಬಿರುವ ಭಾಗ) ದಪ್ಪವನ್ನು ಅಲಗಿನ ಅಗಲದಿಂದ ಭಾಗಿಸಿದೆ. ಉದ್ದವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೊನೆ ಮುರಿದು ಮತ್ತೆ ಮಸೆದ ಕತ್ತಿಯ ಉದ್ದವನ್ನು ನಂಬುವುದು ಹೇಗೆ? ಏಣು ಹಿಡಿಯೊಳಗೆ ನಿಧಾನ ಕರಗುವವು ಒಂದು ಗುಂಪಾದವು, ಹಿಡಿಯ ಮುಂದೆ ತಟ್ಟನೆ ನಿಲ್ಲುವವು ಇನ್ನೊಂದು. ಭಾಗಿಸಿ ಬಂದ ಸಂಖ್ಯೆಯ ಗಡಿ ಎಷ್ಟಕ್ಕೆ ಹಾಕಿದೆ ಅಂತ ಈಗ ಹೇಳಲ್ಲ, ಲೇಖನ ಅಚ್ಚಾಗಲಿ.

ಎರಡಕ್ಕೂ ಸೇರದ ಕೆಲವು ಉಳಿದವು. ಎಲ್ಲವೂ ಖಾಸಗಿ ಸಂಗ್ರಹದವು. ಮಾಲೀಕರ ಎದುರೇ ಅಸಿಟೋನ್ ಹತ್ತಿ ಒರೆಸಿದೆ, ಹಸಿರು ಬಣ್ಣ ಹತ್ತಿಗೆ ಬಂತು. ಕಿಲುಬಲ್ಲ, ಬಳಿದ ಬಣ್ಣ, ಅಂದರೆ ಕತ್ತಿ ನಕಲಿ! ಆ ಮನೆಯಲ್ಲಿ ಕಾಫಿ ಸಿಗಲಿಲ್ಲ.

ನಡುವೆ ಸುಮ್ನೆ ಒಂದು ಹುಚ್ಚು, ಅಂಥದೇ ಕತ್ತಿ ಮಾಡಿಸಿ ನೋಡೋಣ ಅಂತ. ಪರಿಚಯದ ಕಂಚುಗಾರರ ಹತ್ತಿರ ಶುದ್ಧ ತಾಮ್ರವನ್ನು ಮುಚ್ಚಿದ ಅಚ್ಚಿಗೆ ಹೊಯ್ಸಿದೆ. ಗಾಳಿ ಸಿಕ್ಕಿಕೊಂಡು ಅಲಗಿನ ತುಂಬಾ ತೂತು. "ಸ್ವಲ್ಪ ತವರ ಹಾಕಿ ಸ್ವಾಮಿ" ಅಂದರು ಅವರು. ಅಷ್ಟು ಹೊತ್ತಿಗೆ ಏಳೆಂಟು ಸಾವಿರ ಕರಗಿತ್ತು.

ಗುಂಪು ಮಾಡಿದರೆ ಕಾಲ ಸಿಗಲ್ಲ, ಅದಕ್ಕೆ ಕಾಲ ಗೊತ್ತಿರುವ ಒಂದು ಗೂಟ ಬೇಕು. ಈ ನಿಧಿಗಳ ಜೊತೆ ತಳುಕು ಹಾಕುವ ಕಾವಿ ಬಣ್ಣದ ಮಡಕೆಗಳ ಥರ್ಮೋಲುಮಿನೆಸೆನ್ಸ್ (ಕಾಯಿಸಿದಾಗ ಹೊಮ್ಮುವ ಬೆಳಕಿನಿಂದ ವಯಸ್ಸು ಲೆಕ್ಕ ಹಾಕುವ ವಿಧಾನ) ಕಾಲಾವಧಿ ಸಾವಿರ ವರ್ಷಕ್ಕೂ ಅಗಲ, ಅದನ್ನು ನಂಬಿ ಏನು ಮಾಡೋದು? 2018ರಲ್ಲಿ ಉತ್ತರ ಪ್ರದೇಶದ ಸಿನೌಲಿಯ ಸಮಾಧಿಗಳಲ್ಲೇ ಆಂಟೆನಾ ಕತ್ತಿ ಸಿಕ್ಕಿದ್ದು ನನ್ನ ಪುಣ್ಯ. ಆ ಸಮಾಧಿಗಳು ಹೆಚ್ಚುಕಡಿಮೆ ಕ್ರಿ.ಪೂ. 2000ದ ಆಸುಪಾಸಿನವು. ಒಂದು ಗುಂಪನ್ನು ಅಲ್ಲಿಗೆ ಕಟ್ಟಿದೆ.

ನಮ್ಮ ರಾಯಚೂರು ಜಿಲ್ಲೆಯ ಕಲ್ಲೂರಿನ ಕತ್ತಿಗಳಿಗೆ ಮಾತ್ರ ಕಾಲ ಹಾಕಿಲ್ಲ. ಇಂಥ ಕತ್ತಿಗಳು ಸಿಕ್ಕ ಉತ್ತರ ಪ್ರದೇಶದ ಫತೇಗಢದಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಆಕಾರ ಹೋಲುತ್ತದೆ ಅಂತ ಅಲ್ಲಿಯ ಕಾಲವನ್ನೇ ಇಲ್ಲಿಗೂ ಅಂಟಿಸೋಕಾಗಲ್ಲ ಅಲ್ವಾ?